ನುಗ್ಗೆ ಸೊಪ್ಪು ಮತ್ತು ಸೋಯಾ ಹಾಲು: ಪೋಷಕಾಂಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಸು, ಎಮ್ಮೆಯ ಹಾಲು ಒಗ್ಗದವರು, ಹಾಲನ್ನು ತಾವಾಗಿಯೇ ಬಿಟ್ಟವರು, ಮನೆಯಲ್ಲಿ ಯಾರಿಗೋ ಮೂಳೆ ಸವೆತವೋ ರಕ್ತಹೀನತೆಯೋ ಇದೆ ಎಂದು ಆಹಾರ ಬದಲಿಸಿಕೊಳ್ಳುತ್ತಿರುವವರು ಸಾಮಾನ್ಯವಾಗಿ ಎರಡು ಸಲಹೆಗಳನ್ನು ಕೇಳಿರುತ್ತಾರೆ. ಒಂದು, ದಿನವೂ ಸೋಯಾ ಹಾಲು ಕುಡಿಯಿರಿ ಎಂಬುದು. ಇನ್ನೊಂದು, ಹಿತ್ತಲಲ್ಲಿ ನುಗ್ಗೆ ಮರ ಇರುವಾಗ ಹಾಲೇ ಏಕೆ ಬೇಕು ಎಂಬುದು. ಎರಡರಲ್ಲೂ ಸತ್ಯಾಂಶವಿದೆ, ಆದರೆ ಅವು ಒಂದೇ ಕೊರತೆಯನ್ನು ತುಂಬುವ ಸಲಹೆಗಳಲ್ಲ. ಈ ವಿಷಯವಾಗಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಒಂದು ಸೊಪ್ಪನ್ನೂ ಒಂದು ಪಾನೀಯವನ್ನೂ ಹೋಲಿಸುವುದು ಸರಿಯೇ?

ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತೀರ್ಮಾನಿಸುವುದಕ್ಕಾಗಿ ಹೋಲಿಸುವುದಾದರೆ ಸರಿಯಲ್ಲ. ದಿನದ ಊಟದಲ್ಲಿ ಯಾವ ಪೋಷಕಾಂಶ ಯಾವುದರಿಂದ ಬರುತ್ತದೆ ಎಂದು ತಿಳಿಯುವುದಕ್ಕಾದರೆ ಹೋಲಿಸಲೇಬೇಕು. ಹಾಲು ಬಿಟ್ಟ ಮನೆಯಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಬಿ12 ಮತ್ತು ಸ್ವಲ್ಪ ಮಟ್ಟಿಗೆ ವಿಟಮಿನ್ ಎ ಒಟ್ಟಿಗೇ ಕಡಿಮೆಯಾಗುತ್ತವೆ. ಸೋಯಾ ಹಾಲು ಇವುಗಳಲ್ಲಿ ಒಂದೆರಡನ್ನು ತುಂಬುತ್ತದೆ, ನುಗ್ಗೆ ಸೊಪ್ಪು ಬೇರೆ ಒಂದೆರಡನ್ನು ತುಂಬುತ್ತದೆ, ಒಂದನ್ನು ಎರಡೂ ತುಂಬುವುದಿಲ್ಲ. ಯಾವುದು ಯಾವುದೆಂದು ಗೊತ್ತಿಲ್ಲದೆ, ಹಾಲಿನ ಲೋಟದ ಜಾಗದಲ್ಲಿ ಇನ್ನೊಂದು ಬಿಳಿ ಪಾನೀಯದ ಲೋಟ ಇಟ್ಟುಕೊಂಡು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು.

100 ಗ್ರಾಂ ಲೆಕ್ಕದಲ್ಲಿ ಎರಡರಲ್ಲೂ ಏನೇನಿದೆ?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಪದಾರ್ಥಗಳ ಪಟ್ಟಿಯ ಪ್ರಕಾರ 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ ಸುಮಾರು 67 ಕಿಲೋಕ್ಯಾಲರಿ ಶಕ್ತಿ, 6.4 ಗ್ರಾಂ ಪ್ರೋಟೀನ್, 1.6 ಗ್ರಾಂ ಕೊಬ್ಬು, 8 ಗ್ರಾಂಗಿಂತ ತುಸು ಹೆಚ್ಚು ನಾರು, 314 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ, 108 ಮಿಲಿಗ್ರಾಂ ವಿಟಮಿನ್ ಸಿ ಮತ್ತು ಸುಮಾರು 17,500 ಮೈಕ್ರೋಗ್ರಾಂ ಬೀಟಾ ಕ್ಯಾರೋಟೀನ್ ಇವೆ. ಸಕ್ಕರೆ ಹಾಕದ, ಹೊರಗಿನಿಂದ ಏನನ್ನೂ ಸೇರಿಸದ 100 ಮಿಲಿಲೀಟರ್ ಸೋಯಾ ಹಾಲಿನಲ್ಲಿ ಸುಮಾರು 35ರಿಂದ 50 ಕಿಲೋಕ್ಯಾಲರಿ, 3 ಗ್ರಾಂ ಪ್ರೋಟೀನ್, 2 ಗ್ರಾಂ ಕೊಬ್ಬು, 25 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು ಅರ್ಧ ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಕಬ್ಬಿಣ ಇರುತ್ತವೆ. ನಾರು ಬಹಳ ಕಡಿಮೆ, ವಿಟಮಿನ್ ಎ ಮತ್ತು ಸಿ ಇಲ್ಲವೆನ್ನುವಷ್ಟು ಅತ್ಯಲ್ಪ.

ಈ ಸಂಖ್ಯೆಗಳನ್ನು ಅಚ್ಚುಕಟ್ಟಾದ ಅಳತೆಗಳೆಂದು ನೋಡದೆ ಸರಾಸರಿಗಳೆಂದು ನೋಡಬೇಕು. ಅದೇ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ನುಗ್ಗೆ ಸೊಪ್ಪಿನ ಕ್ಯಾಲ್ಸಿಯಂ 440 ಮಿಲಿಗ್ರಾಂ ಎಂದಿತ್ತು, ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಅದು 185 ಮಿಲಿಗ್ರಾಂ. ಎಲೆಯ ವಯಸ್ಸು, ಮಣ್ಣು, ಋತು, ಅಳೆಯುವ ವಿಧಾನ ಇವೆಲ್ಲವೂ ಸಂಖ್ಯೆಯನ್ನು ಬದಲಿಸುತ್ತವೆ. ನಮ್ಮ ನೆಲದ ಮಾದರಿಗಳನ್ನು ಅಳೆದು ಮಾಡಿದ್ದು 2017ರ ಪಟ್ಟಿಯಾದ್ದರಿಂದ ಮುಂದಿನ ಲೆಕ್ಕಗಳಿಗೆ ಅದನ್ನೇ ಬಳಸಲಾಗಿದೆ.

ಹಾಗಾದರೆ ಎಲ್ಲದರಲ್ಲೂ ನುಗ್ಗೆ ಸೊಪ್ಪೇ ಮುಂದಿದೆಯಲ್ಲ?

100 ಗ್ರಾಂಗೆ 100 ಗ್ರಾಂ ಇಟ್ಟು ನೋಡಿದರೆ ಹಾಗೆ ಕಾಣುತ್ತದೆ, ಜನ ತಪ್ಪು ತಿಳಿಯುವುದೂ ಇಲ್ಲಿಯೇ. ಸೋಯಾ ಹಾಲಿನಲ್ಲಿ ಶೇಕಡಾ 90ರಷ್ಟು ನೀರೇ ಇರುತ್ತದೆ, ಆದರೂ 200 ಮಿಲಿಲೀಟರಿನ ಒಂದು ಲೋಟವನ್ನು ಯಾರಾದರೂ ಸಲೀಸಾಗಿ ಕುಡಿದು ಮುಗಿಸುತ್ತಾರೆ. ನುಗ್ಗೆ ಸೊಪ್ಪು ಹಾಗಲ್ಲ. ಕಡ್ಡಿಯಿಂದ ಬಿಡಿಸಿದ 100 ಗ್ರಾಂ ಎಲೆ ಎಂದರೆ ಒಂದು ದೊಡ್ಡ ಬೋಗುಣಿ ತುಂಬುವಷ್ಟಾಗುತ್ತದೆ. ಬೆಂದ ಮೇಲೆ ಅದು ತಗ್ಗುತ್ತದೆಯಾದರೂ, ಅದರ ಕಹಿ ಒಗರು ರುಚಿಯಿಂದಾಗಿ ಒಬ್ಬರು ಒಂದು ಊಟಕ್ಕೆ ಬಡಿಸಿಕೊಳ್ಳುವ ಪಲ್ಯದಲ್ಲಿ 50 ಗ್ರಾಂ ಎಲೆ ಇದ್ದರೆ ಅದೇ ಧಾರಾಳ.

ಆದ್ದರಿಂದ ಒಂದು ಲೋಟ ಸೋಯಾ ಹಾಲಿಗೆ ಒಂದು ಸಲ ಬಡಿಸಿಕೊಳ್ಳುವಷ್ಟು ಪಲ್ಯವನ್ನು ಎದುರಿಗಿಟ್ಟು ನೋಡೋಣ. 50 ಗ್ರಾಂ ಸೊಪ್ಪಿನಿಂದ ಸುಮಾರು 3.2 ಗ್ರಾಂ ಪ್ರೋಟೀನ್, 4 ಗ್ರಾಂ ನಾರು, 157 ಮಿಲಿಗ್ರಾಂ ಕ್ಯಾಲ್ಸಿಯಂ, 2.3 ಮಿಲಿಗ್ರಾಂ ಕಬ್ಬಿಣ ಬರುತ್ತವೆ. 200 ಮಿಲಿಲೀಟರ್ ಸೋಯಾ ಹಾಲಿನಿಂದ ಸುಮಾರು 6 ಗ್ರಾಂ ಪ್ರೋಟೀನ್, 50 ಮಿಲಿಗ್ರಾಂ ಕ್ಯಾಲ್ಸಿಯಂ, 1 ಮಿಲಿಗ್ರಾಂ ಆಸುಪಾಸಿನ ಕಬ್ಬಿಣ ಬರುತ್ತವೆ. ಈಗ ಚಿತ್ರ ಬೇರೆಯಾಯಿತು. ಪ್ರೋಟೀನಿನಲ್ಲಿ ಸೋಯಾ ಹಾಲು ಇಮ್ಮಡಿಯಷ್ಟು ಮುಂದಿದೆ. ಕ್ಯಾಲ್ಸಿಯಂ, ಕಬ್ಬಿಣ, ನಾರು, ವಿಟಮಿನ್‌ಗಳಲ್ಲಿ ಸೊಪ್ಪು ಮುಂದಿದೆ. ಅಕ್ಕಪಕ್ಕದಲ್ಲಿ 200 ಮಿಲಿಲೀಟರ್ ಹಸುವಿನ ಹಾಲನ್ನು ಇಟ್ಟರೆ ಅದರಲ್ಲಿ ಸುಮಾರು 6.4 ಗ್ರಾಂ ಪ್ರೋಟೀನ್ ಮತ್ತು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತವೆ. ಹಾಲಿನ ಒಂದು ಲೋಟ ಮಾಡುತ್ತಿದ್ದ ಕೆಲಸದಲ್ಲಿ ಪ್ರೋಟೀನಿನ ಪಾಲನ್ನು ಸೋಯಾ ವಹಿಸಿಕೊಳ್ಳುತ್ತದೆ, ಕ್ಯಾಲ್ಸಿಯಂನ ಪಾಲಿನಲ್ಲಿ ಹೆಚ್ಚಿನದನ್ನು ಸೊಪ್ಪು ವಹಿಸಿಕೊಳ್ಳುತ್ತದೆ. ಇದರಾಚೆಗೆ ನಾರು, ಕಬ್ಬಿಣ ಮತ್ತು ವಿಟಮಿನ್ ಸಿಯನ್ನು ಸೊಪ್ಪು ತಾನೇ ಹೆಚ್ಚುವರಿಯಾಗಿ ಕೊಡುತ್ತದೆ. ಹಸುವಿನ ಹಾಲಿನಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ.

ನುಗ್ಗೆಯಲ್ಲಿ ಹಾಲಿಗಿಂತ 17 ಪಟ್ಟು ಕ್ಯಾಲ್ಸಿಯಂ ಇದೆ ಎನ್ನುತ್ತಾರೆ. ಇದು ನಿಜವೇ?

ಅಂಗಡಿಯ ಪೊಟ್ಟಣಗಳ ಮೇಲೆಯೂ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಲ್ಲಿಯೂ ಈ ಮಾತು ವರ್ಷಗಳಿಂದ ಓಡಾಡುತ್ತಿದೆ. ಇದರ ಮೂಲ ಒಂದು ಲೆಕ್ಕದಲ್ಲಿದೆ. ಒಣಗಿಸಿ ಪುಡಿ ಮಾಡಿದ 100 ಗ್ರಾಂ ನುಗ್ಗೆ ಎಲೆಯಲ್ಲಿ ಸುಮಾರು 2,000 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ ಎಂದು ತೆಗೆದುಕೊಂಡು, ಅದನ್ನು 100 ಗ್ರಾಂ ದ್ರವ ಹಾಲಿನ 120 ಮಿಲಿಗ್ರಾಂನಿಂದ ಭಾಗಿಸಿದರೆ ಸುಮಾರು 17 ಬರುತ್ತದೆ. ಭಾಗಾಕಾರ ಸರಿಯಾಗಿಯೇ ಇದೆ, ಹೋಲಿಕೆಯೇ ತಪ್ಪು. ನೀರೆಲ್ಲ ಆರಿಹೋದ ಪುಡಿಯನ್ನು ನೀರೇ ಮುಕ್ಕಾಲು ಪಾಲಿಗಿಂತ ಹೆಚ್ಚಿರುವ ಹಾಲಿನೊಂದಿಗೆ ತೂಗಿದ್ದಾರೆ. 100 ಗ್ರಾಂ ಹಾಲನ್ನು ಎರಡು ಗುಟುಕಿನಲ್ಲಿ ಕುಡಿಯಬಹುದು; 100 ಗ್ರಾಂ ನುಗ್ಗೆ ಪುಡಿಯನ್ನು ಯಾರೂ ಒಂದು ದಿನದಲ್ಲಿ ತಿನ್ನಲಾರರು, ತಿನ್ನಲೂಬಾರದು.

5 ಗ್ರಾಂ ಪುಡಿ, ಎಂದರೆ ಎರಡು ಸಣ್ಣ ಚಮಚದ ಆಸುಪಾಸು, ತೆಗೆದುಕೊಂಡರೆ ಅದೇ ಲೆಕ್ಕದ ಪ್ರಕಾರ ಸುಮಾರು 100 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಅರ್ಧ ಲೋಟ ಹಾಲಿಗೂ ಅದು ಸ್ವಲ್ಪ ಕಡಿಮೆಯೇ. ಇದು ಕಡೆಗಣಿಸುವಂಥದ್ದಲ್ಲ, ಆದರೆ 17 ಪಟ್ಟು ಎಂಬ ಮಾತನ್ನು ನಂಬಿ, ಒಂದು ಚಿಟಿಕೆ ಪುಡಿಯನ್ನು ಮಜ್ಜಿಗೆಗೆ ಹಾಕಿಕೊಂಡು ಮೂಳೆಗೆ ಬೇಕಾದದ್ದೆಲ್ಲ ಆಯಿತೆಂದುಕೊಳ್ಳುವುದು ಅಪಾಯಕಾರಿ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ.

ಪ್ರೋಟೀನಿಗಾಗಿ ನುಗ್ಗೆ ಸೊಪ್ಪನ್ನು ನೆಚ್ಚಿಕೊಳ್ಳಬಹುದೇ?

ಸೊಪ್ಪುಗಳ ಪೈಕಿ ನುಗ್ಗೆಯಲ್ಲಿ ಪ್ರೋಟೀನ್ ಹೆಚ್ಚು ಎಂಬುದು ನಿಜ. ಆದರೆ 55 ಕಿಲೋ ತೂಕದ ಒಬ್ಬ ಮಹಿಳೆಗೆ ದಿನಕ್ಕೆ ಬೇಕಾದ ಸುಮಾರು 46 ಗ್ರಾಂ ಪ್ರೋಟೀನನ್ನು ಸೊಪ್ಪಿನಿಂದಲೇ ಪಡೆಯಬೇಕೆಂದರೆ 700 ಗ್ರಾಂಗೂ ಹೆಚ್ಚು ಎಲೆ ತಿನ್ನಬೇಕಾಗುತ್ತದೆ. ಅಷ್ಟೊಂದು ನಾರಿನ ಜೊತೆ ಬರುವ ಪ್ರೋಟೀನ್ ಪೂರ್ತಿಯಾಗಿ ಜೀರ್ಣವಾಗುವುದೂ ಇಲ್ಲ.

ಸೋಯಾ ಇಲ್ಲಿ ನಿಜಕ್ಕೂ ಬೇರೆ ದರ್ಜೆಯದು. ಸೋಯಾ ಕಾಳಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನ್ ಇದೆ, ಅದರಲ್ಲಿ ದೇಹಕ್ಕೆ ಅತ್ಯಗತ್ಯವಾದ ಎಲ್ಲ ಅಮೈನೋ ಆಮ್ಲಗಳೂ ಇವೆ, ಪ್ರೋಟೀನಿನ ಗುಣಮಟ್ಟವನ್ನು ಅಳೆಯುವ ಅಂಕದಲ್ಲಿ ಅದು ಹಾಲು ಮೊಟ್ಟೆಗಳ ಹತ್ತಿರಕ್ಕೆ ಬರುತ್ತದೆ. ಅಕ್ಕಿ, ಗೋಧಿ, ಜೋಳಗಳಲ್ಲಿ ಕಡಿಮೆ ಇರುವ ಲೈಸಿನ್ ಸೋಯಾದಲ್ಲಿ ಹೇರಳವಾಗಿದೆ. ಸೋಯಾದಲ್ಲಿ ತುಸು ಕಡಿಮೆ ಇರುವ ಮೆಥಿಯೋನಿನ್ ಧಾನ್ಯಗಳಲ್ಲಿದೆ. ಆದ್ದರಿಂದ ಜೋಳದ ರೊಟ್ಟಿ ಅಥವಾ ಅನ್ನ ಉಣ್ಣುವವರಿಗೆ ಸೋಯಾ ಚೆನ್ನಾಗಿ ಹೊಂದುತ್ತದೆ. ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ರೈತರು ಮುಂಗಾರಿನಲ್ಲಿ ಸೋಯಾ ಬೆಳೆಯುತ್ತಾರೆ, ಆದರೆ ಅದರಲ್ಲಿ ಬಹುಪಾಲು ಎಣ್ಣೆ ಗಿರಣಿಗೂ ಪಶು ಆಹಾರಕ್ಕೂ ಹೋಗುತ್ತದೆ. ಬೆಳೆಯುವ ಊರಿನ ಅಡುಗೆಮನೆಗೇ ಅದು ಇನ್ನೂ ಸರಿಯಾಗಿ ಬಂದಿಲ್ಲ ಎಂಬುದು ಬೇಸರದ ಸಂಗತಿ. ಸಸ್ಯಮೂಲದ ಪ್ರೋಟೀನನ್ನು ಹಾಲಿನ ಜಾಗಕ್ಕೆ ತರುವ ಪ್ರಯತ್ನ ನಮ್ಮಲ್ಲಿ ಹೊಸದೇನಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆ ಕಳೆದ ಶತಮಾನದಲ್ಲಿಯೇ ಕಡಲೆಕಾಯಿಯ ಪ್ರೋಟೀನನ್ನು ಹಾಲಿನೊಂದಿಗೆ ಬೆರೆಸಿ ಮಿಲ್ಟೋನ್ ಎಂಬ ಪಾನೀಯವನ್ನು ರೂಪಿಸಿತ್ತು.

ಸೊಪ್ಪಿನಲ್ಲಿರುವ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುತ್ತದೆಯೇ?

ಯಾವ ಆಹಾರದ ಕ್ಯಾಲ್ಸಿಯಂ ಕೂಡ ಪೂರ್ತಿ ಹತ್ತುವುದಿಲ್ಲ. ಹಾಲಿನ ಕ್ಯಾಲ್ಸಿಯಂನಲ್ಲಿಯೇ ಸುಮಾರು ಶೇಕಡಾ 30ರಷ್ಟನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ. ಸೊಪ್ಪುಗಳಲ್ಲಿ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಕ್ ಸೊಪ್ಪಿನಲ್ಲಿ ಇದು ಎಷ್ಟು ಹೆಚ್ಚೆಂದರೆ ಅದರ ಕ್ಯಾಲ್ಸಿಯಂನಲ್ಲಿ ಶೇಕಡಾ 5ರಷ್ಟು ಮಾತ್ರ ದೇಹಕ್ಕೆ ಸೇರುತ್ತದೆ. ಕ್ಯಾಲ್ಸಿಯಂ ಬೇಕೆಂದು ಪಾಲಕ್ ತಿನ್ನುವುದರಲ್ಲಿ ಅರ್ಥವಿಲ್ಲ. ನುಗ್ಗೆ ಸೊಪ್ಪಿನಲ್ಲೂ ಆಕ್ಸಲೇಟ್ ಇದೆ, ಆದರೆ ಪಾಲಕ್‌ನಷ್ಟು ಇಲ್ಲ. ಹಾಗಾಗಿ 157 ಮಿಲಿಗ್ರಾಂ ಎಂದು ಪಟ್ಟಿಯಲ್ಲಿರುವ ಸೊಪ್ಪಿನ ಕ್ಯಾಲ್ಸಿಯಂ ಅನ್ನು ಅಷ್ಟೇ ಪ್ರಮಾಣದ ಹಾಲಿನ ಕ್ಯಾಲ್ಸಿಯಂಗೆ ಸಮವೆಂದು ಎಣಿಸದೆ, ಅದಕ್ಕಿಂತ ಕಡಿಮೆ ಎಂದೇ ಹಿಡಿಯುವುದು ಕ್ಷೇಮ.

ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲಿನ ವಿಷಯದಲ್ಲಿ ಲೆಕ್ಕ ಬದಲಾಗುತ್ತದೆ. ಅಂಥ ಪೊಟ್ಟಣಗಳಲ್ಲಿ 100 ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂವರೆಗೆ ಕ್ಯಾಲ್ಸಿಯಂ ಇರುತ್ತದೆ, ಎಂದರೆ ಹಸುವಿನ ಹಾಲಿಗೆ ಸಮ. ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ ಸೇರಿಸಿದ್ದರೆ ಅದು ಹೀರಿಕೆಯಲ್ಲೂ ಹಾಲಿಗೆ ಹತ್ತಿರವಿರುತ್ತದೆ. ಆದರೆ ಹೀಗೆ ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಇಳಿದು ಕೂರುತ್ತದೆ. ಪೊಟ್ಟಣವನ್ನು ಚೆನ್ನಾಗಿ ಅಲ್ಲಾಡಿಸದೆ ಮೇಲಿನಿಂದ ಬಗ್ಗಿಸಿಕೊಂಡರೆ, ದುಡ್ಡು ಕೊಟ್ಟು ತಂದ ಕ್ಯಾಲ್ಸಿಯಂ ಪೊಟ್ಟಣದ ಅಡಿಯಲ್ಲಿಯೇ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ.

ರಕ್ತಹೀನತೆ ಇರುವವರಿಗೆ ಯಾವುದು ಒಳ್ಳೆಯದು?

ಎರಡರಲ್ಲಿ ಸೊಪ್ಪು. ಮಹಿಳೆಯರಿಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷರಿಗೆ 19 ಮಿಲಿಗ್ರಾಂ ಕಬ್ಬಿಣ ಬೇಕು ಎಂಬುದು 2020ರ ಶಿಫಾರಸು. ಒಂದು ಸಲ ಬಡಿಸಿಕೊಳ್ಳುವ ಪಲ್ಯದ 2.3 ಮಿಲಿಗ್ರಾಂ ಅದರಲ್ಲಿ ಸಣ್ಣ ಪಾಲು ಮಾತ್ರ ಎಂಬುದನ್ನು ಮರೆಯಬಾರದು. ಸಸ್ಯಗಳ ಕಬ್ಬಿಣ ಸುಲಭವಾಗಿ ಹೀರಿಕೆಯಾಗುವುದಿಲ್ಲ. ಸೋಯಾದಲ್ಲಿರುವ ಫೈಟೇಟ್ ಅದನ್ನು ಇನ್ನಷ್ಟು ತಡೆಯುತ್ತದೆ. ವಿಟಮಿನ್ ಸಿ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಬೇಯಿಸುವಾಗ ಸೊಪ್ಪಿನ ವಿಟಮಿನ್ ಸಿಯಲ್ಲಿ ಬಹುಭಾಗ ನಷ್ಟವಾಗುವುದರಿಂದ, ಒಲೆಯಿಂದ ಇಳಿಸಿದ ಮೇಲೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವುದು ರುಚಿಗೂ ಮೈಗೂ ಹಿತ. ಊಟವಾದ ಕೂಡಲೇ ಕಾಫಿ, ಟೀ ಕುಡಿಯುವ ಅಭ್ಯಾಸವಿದ್ದರೆ ಅದನ್ನು ಒಂದು ಗಂಟೆಯಾದರೂ ಮುಂದೂಡಬೇಕು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ತೀರ ಕಡಿಮೆ ಎಂದು ಬಂದವರು ಸೊಪ್ಪನ್ನೇ ಔಷಧಿಯೆಂದು ನಂಬಿ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಬಾರದು.

ವಿಟಮಿನ್‌ಗಳಲ್ಲಿ ಏನು ವ್ಯತ್ಯಾಸ?

ವಿಟಮಿನ್ ಎ ವಿಷಯದಲ್ಲಿ ಸ್ಪರ್ಧೆಯೇ ಇಲ್ಲ. ನುಗ್ಗೆ ಎಲೆಯ ಬೀಟಾ ಕ್ಯಾರೋಟೀನನ್ನು ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. 12 ಮೈಕ್ರೋಗ್ರಾಂ ಕ್ಯಾರೋಟೀನಿನಿಂದ 1 ಮೈಕ್ರೋಗ್ರಾಂ ವಿಟಮಿನ್ ಎ ಎಂಬ ಬಿಗಿಯಾದ ಲೆಕ್ಕ ಹಿಡಿದರೂ 50 ಗ್ರಾಂ ಎಲೆಯಿಂದ 700 ಮೈಕ್ರೋಗ್ರಾಂಗೂ ಹೆಚ್ಚು ಸಿಗುತ್ತದೆ. ಮಹಿಳೆಗೆ ದಿನಕ್ಕೆ ಬೇಕಾದ 840 ಮೈಕ್ರೋಗ್ರಾಂನಲ್ಲಿ ಅದು ದೊಡ್ಡ ಪಾಲು. ಕ್ಯಾರೋಟೀನ್ ಕೊಬ್ಬಿನಲ್ಲಿ ಕರಗುವಂಥದ್ದು. ಎಣ್ಣೆಯ ಒಗ್ಗರಣೆ ಮತ್ತು ಕಾಯಿತುರಿ ಹಾಕಿ ಪಲ್ಯ ಮಾಡುವ ನಮ್ಮ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ.

ವಿಟಮಿನ್ ಬಿ12 ಎರಡರಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಯಾವುದನ್ನೂ ಮುಟ್ಟದವರು ಬಿ12 ಸೇರಿಸಿದ ಪಾನೀಯವನ್ನಾಗಲಿ, ವೈದ್ಯರ ಸಲಹೆಯಂತೆ ಮಾತ್ರೆಯನ್ನಾಗಲಿ ತೆಗೆದುಕೊಳ್ಳಲೇಬೇಕು. ಇದರ ಕೊರತೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕೈಕಾಲು ಜೋಮು, ಮರೆವು, ನಡಿಗೆಯಲ್ಲಿ ತೂರಾಟದ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ನರಗಳಿಗೆ ಆದ ಹಾನಿಯಲ್ಲಿ ಕೆಲವು ಸರಿಹೋಗದೆಯೂ ಉಳಿಯಬಹುದು. ಈ ಪುಟದಲ್ಲಿ ಓದುಗರು ಒಂದೇ ಒಂದು ವಿಷಯವನ್ನು ಗಮನಕ್ಕೆ ತೆಗೆದುಕೊಳ್ಳುವುದಾದರೆ ಅದು ಇದಾಗಲಿ ಎಂಬುದು ನಮ್ಮ ಆಸೆ.

ಸೋಯಾ ಬದಲು ಬಾದಾಮಿ ಹಾಲು, ಕಾಯಿಹಾಲು ಅಥವಾ ರಾಗಿ ಹಾಲು ಆಗಬಹುದೇ?

ಪ್ರೋಟೀನ್ ಬೇಕೆಂಬ ಉದ್ದೇಶಕ್ಕೆ ಇವು ಯಾವುವೂ ಸೋಯಾಗೆ ಬದಲಿಯಲ್ಲ. ಸಕ್ಕರೆ ಹಾಕದ ಪೊಟ್ಟಣದ ಬಾದಾಮಿ ಪಾನೀಯದಲ್ಲಿ 100 ಮಿಲಿಲೀಟರಿಗೆ ಅರ್ಧ ಗ್ರಾಂ ಆಸುಪಾಸಿನ ಪ್ರೋಟೀನ್ ಮಾತ್ರ ಇರುತ್ತದೆ, ಏಕೆಂದರೆ ಅದರಲ್ಲಿರುವ ಬಾದಾಮಿಯೇ ಬಹಳ ಸ್ವಲ್ಪ. ನಮ್ಮ ಹೋಟೆಲು, ಬೇಕರಿಗಳಲ್ಲಿ ಬಾದಾಮಿ ಹಾಲು ಎಂದು ಕೊಡುವುದು ಹಸುವಿನ ಹಾಲಿಗೆ ಬಾದಾಮಿ ಪುಡಿ, ಸಕ್ಕರೆ, ಕೇಸರಿ ಬಣ್ಣ ಹಾಕಿದ್ದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗದವರು ಇದನ್ನು ಸಸ್ಯಜನ್ಯವೆಂದು ಭಾವಿಸಿ ಕುಡಿದರೆ ಹೊಟ್ಟೆ ಕೆಡಬಹುದು.

ಮೊದಲ ಹಿಂಡಿನ ದಪ್ಪ ಕಾಯಿಹಾಲಿನಲ್ಲಿ 100 ಗ್ರಾಂಗೆ 20 ಗ್ರಾಂಗಿಂತ ಹೆಚ್ಚು ಕೊಬ್ಬು, ಅದರಲ್ಲೂ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ, ಪ್ರೋಟೀನ್ 2 ಗ್ರಾಂ ಸುತ್ತಮುತ್ತ. ಪಾಯಸಕ್ಕೆ, ಗಸಿಗೆ ಅದು ಶ್ರೇಷ್ಠ, ಲೋಟದಲ್ಲಿ ಕುಡಿಯುವ ಹಾಲಿನ ಜಾಗ ಅದರದಲ್ಲ.

ರಾಗಿಯ ವಿಷಯ ಸ್ವಲ್ಪ ವಿವರಿಸಬೇಕು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಧಾನ್ಯಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆಯುವ ರಾಗಿ ಹಾಲಿನಲ್ಲಿ ಮುಖ್ಯವಾಗಿ ಇಳಿಯುವುದು ಪಿಷ್ಟ. ಕ್ಯಾಲ್ಸಿಯಂ ಹೆಚ್ಚಾಗಿ ಇರುವುದು ಕಾಳಿನ ಹೊರಪದರದಲ್ಲಿ, ಅದು ಬಟ್ಟೆಯಲ್ಲಿಯೇ ಉಳಿದುಬಿಡುತ್ತದೆ. ದೊಡ್ಡವರಿಗೆ ರಾಗಿಯ ಕ್ಯಾಲ್ಸಿಯಂ ಬೇಕಾದರೆ ಮುದ್ದೆ, ರೊಟ್ಟಿ, ಅಂಬಲಿಯ ರೂಪವೇ ಉತ್ತಮ. ನುಗ್ಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ತಟ್ಟಿದ ರಾಗಿ ರೊಟ್ಟಿ ಒಂದರಲ್ಲಿಯೇ ಎರಡು ಒಳ್ಳೆಯ ಕ್ಯಾಲ್ಸಿಯಂ ಮೂಲಗಳು ಸೇರುತ್ತವೆ, ಇದಕ್ಕಿಂತ ಅಗ್ಗದ ಉಪಾಯ ನಮಗೆ ತಿಳಿದಿಲ್ಲ.

ಪೊಟ್ಟಣ ಕೊಳ್ಳುವಾಗ ಏನು ನೋಡಬೇಕು?

ಮೊದಲಿಗೆ, ಪೊಟ್ಟಣದ ಮೇಲೆ ಸೋಯಾ ಹಾಲು ಎಂಬ ಹೆಸರೇ ಇಲ್ಲದಿರಬಹುದು. ಪ್ರಾಣಿಗಳಿಂದ ಬಂದ ಹಾಲಿಗೆ ಮಾತ್ರ ಹಾಲು ಎಂಬ ಹೆಸರು ಸಲ್ಲಬೇಕೆಂಬ ನಿಯಮದ ಆಧಾರದ ಮೇಲೆ, ಸಸ್ಯಜನ್ಯ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2021ರಲ್ಲಿ ಸೂಚಿಸಿತು. ಆದ್ದರಿಂದ ಸೋಯಾ ಪಾನೀಯ ಎಂಬರ್ಥದ ಹೆಸರುಗಳನ್ನೇ ಹೆಚ್ಚಾಗಿ ಕಾಣುತ್ತೀರಿ.

ಬಳಿಕ ಹಿಂಬದಿಯ ಪೋಷಕಾಂಶಗಳ ಪಟ್ಟಿಯನ್ನು ಓದಬೇಕು. ಪ್ರೋಟೀನ್ 100 ಮಿಲಿಲೀಟರಿಗೆ 3 ಗ್ರಾಂ ಹತ್ತಿರ ಇದೆಯೇ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ12 ಸೇರಿಸಿದ್ದಾರೆಯೇ, ಸೇರಿಸಿದ ಸಕ್ಕರೆ ಎಷ್ಟು ಎಂಬುದನ್ನು ನೋಡಿದರೆ ಸಾಕು. ಸಕ್ಕರೆಯ ಬಗ್ಗೆ ವಿಶೇಷ ಗಮನ ಬೇಕು. 100 ಮಿಲಿಲೀಟರಿಗೆ 8 ಗ್ರಾಂ ಎಂಬುದು ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ, ಆದರೆ 200 ಮಿಲಿಲೀಟರ್ ಪೊಟ್ಟಣ ಕುಡಿದರೆ ಅದು 16 ಗ್ರಾಂ, ಮೂರು ಚಮಚಕ್ಕೂ ಹೆಚ್ಚು. ಚಾಕೊಲೇಟ್, ಮಾವು, ಏಲಕ್ಕಿ ಸ್ವಾದದ ಪೊಟ್ಟಣಗಳಲ್ಲಿ ಇದನ್ನು ನೋಡದೆ ಕೊಳ್ಳಬೇಡಿ, ಮಧುಮೇಹ ಇರುವವರಂತೂ ಸಕ್ಕರೆ ಹಾಕದ್ದನ್ನೇ ಆರಿಸಬೇಕು.

ಸೋಯಾ ಹಾಲನ್ನು ಮನೆಯಲ್ಲಿ ಮಾಡಬಹುದೇ?

ಖಂಡಿತ ಮಾಡಬಹುದು. 100 ಗ್ರಾಂ ಸೋಯಾ ಕಾಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಅಂಗೈಗಳ ನಡುವೆ ಉಜ್ಜಿ ಸಿಪ್ಪೆ ತೇಲಿಸಿ ತೆಗೆಯಬೇಕು. ಆಮೇಲೆ ಕುದಿಯುವ ಹದದ ಬಿಸಿನೀರು ಹಾಕಿ, ಬಿಸಿಯನ್ನು ತಾಳುವ ಪಾತ್ರೆಯಲ್ಲಿ ಜೋಪಾನವಾಗಿ ರುಬ್ಬಬೇಕು. ತಣ್ಣೀರಿನಲ್ಲಿ ರುಬ್ಬಿದರೆ ಕಾಳಿನೊಳಗಿನ ಲೈಪಾಕ್ಸಿಜಿನೇಸ್ ಎಂಬ ಕಿಣ್ವ ಎಚ್ಚೆತ್ತು, ಸೋಯಾ ಹಾಲನ್ನು ಹಲವರು ದೂರವಿಡಲು ಕಾರಣವಾದ ಆ ಹಸಿಕಾಳಿನ ವಾಸನೆ ಹುಟ್ಟುತ್ತದೆ. ನೀರು 80 ಡಿಗ್ರಿಗಿಂತ ಬಿಸಿಯಿದ್ದರೆ ಕಿಣ್ವ ಅಲ್ಲಿಯೇ ನಿಷ್ಕ್ರಿಯವಾಗುತ್ತದೆ. ರುಬ್ಬಿದ್ದನ್ನು ತೆಳುಬಟ್ಟೆಯಲ್ಲಿ ಹಿಂಡಿ, ಒಟ್ಟು 800 ಮಿಲಿಲೀಟರಿನಷ್ಟು ಹಾಲು ಬರುವಂತೆ ನೀರಿನ ಅಳತೆ ಇಟ್ಟುಕೊಂಡರೆ ಹಾಲು ತೆಳುವಾಗುವುದಿಲ್ಲ.

ಇದನ್ನು ಕುದಿಸುವುದು ಕಡ್ಡಾಯ. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ತಡೆಕಾರಕ ಇರುತ್ತದೆ, ಅದು ನಿಷ್ಕ್ರಿಯವಾಗಲು ಸಾಕಷ್ಟು ಹೊತ್ತು ಕುದಿಯಬೇಕು. ಒಲೆಯ ಮೇಲಿಟ್ಟ ಸ್ವಲ್ಪ ಹೊತ್ತಿಗೆ ನೊರೆ ಪಾತ್ರೆಯ ಕಂಠದವರೆಗೆ ಏರಿ ಬರುತ್ತದೆ, ಹಾಲು ಉಕ್ಕಿತು, ಕುದಿಯಿತು ಎಂದು ತಿಳಿದು ಒಲೆ ಆರಿಸುವವರು ಇಲ್ಲಿಯೇ ತಪ್ಪುತ್ತಾರೆ. ಆ ನೊರೆ ಕುದಿಯುವ ಮೊದಲೇ ಬರುತ್ತದೆ. ಉರಿ ತಗ್ಗಿಸಿ, ತಳ ಹಿಡಿಯದಂತೆ ಸೌಟಿನಿಂದ ಕೈಯಾಡಿಸುತ್ತ, ನೊರೆ ಇಳಿದು ನಿಜವಾದ ಕುದಿ ಬಂದ ಮೇಲೆ 15 ನಿಮಿಷ ಬಿಡಬೇಕು. ಬಟ್ಟೆಯಲ್ಲಿ ಉಳಿದ ಚರಟದಲ್ಲಿ ನಾರೂ ಸ್ವಲ್ಪ ಪ್ರೋಟೀನೂ ಇರುವುದರಿಂದ ಅದನ್ನು ಎಸೆಯದೆ ರೊಟ್ಟಿ ಹಿಟ್ಟಿಗೋ ವಡೆಗೋ ಸೇರಿಸಿ ಚೆನ್ನಾಗಿ ಬೇಯಿಸಿ ಬಳಸಬಹುದು. ಮನೆಯಲ್ಲಿ ಮಾಡಿದ ಹಾಲಿಗೆ ಕ್ಯಾಲ್ಸಿಯಂ, ಬಿ12 ಯಾರೂ ಸೇರಿಸಿರುವುದಿಲ್ಲ ಎಂಬುದು ನೆನಪಿರಲಿ. ಹಾಗಾಗಿ ಮನೆಯ ಸೋಯಾ ಹಾಲು ಕುಡಿಯುವವರಿಗೆ ಕ್ಯಾಲ್ಸಿಯಂಗಾಗಿ ಪಕ್ಕದಲ್ಲಿ ಸೊಪ್ಪು, ರಾಗಿ, ಎಳ್ಳು ಇರಲೇಬೇಕು.

ಬೇಯಿಸಿದರೆ ನುಗ್ಗೆ ಸೊಪ್ಪಿನ ಸತ್ವ ಹೋಗುವುದಿಲ್ಲವೇ?

ವಿಟಮಿನ್ ಸಿ ಬಹಳಷ್ಟು ಹೋಗುತ್ತದೆ, ಫೋಲೇಟ್ ಸ್ವಲ್ಪ ಹೋಗುತ್ತದೆ. ಕ್ಯಾಲ್ಸಿಯಂ, ಕಬ್ಬಿಣ, ನಾರು, ಪ್ರೋಟೀನ್ ಶಾಖಕ್ಕೆ ನಾಶವಾಗುವುದಿಲ್ಲ, ಬೇಯಿಸಿದ ನೀರನ್ನು ಚೆಲ್ಲಿದರೆ ಮಾತ್ರ ಒಂದಿಷ್ಟು ಅದರೊಂದಿಗೆ ಹೋಗುತ್ತದೆ. ಈ ದೃಷ್ಟಿಯಿಂದ ಹಳೆ ಮೈಸೂರು ಸೀಮೆಯ ಬಸ್ಸಾರು ಬಹಳ ವಿವೇಕದ ಅಡುಗೆ. ಕಾಳು ಮತ್ತು ಸೊಪ್ಪು ಬೆಂದ ಕಟ್ಟನ್ನು ಬಸಿದು ಸಾರು ಮಾಡುತ್ತಾರೆ, ಬೆಂದ ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ, ಮುದ್ದೆಯ ಜೊತೆ ಎರಡೂ ತಟ್ಟೆಗೆ ಬರುತ್ತವೆ. ಏನೂ ವ್ಯರ್ಥವಾಗುವುದಿಲ್ಲ.

ಬಿಡಿಸುವುದೇ ಕಷ್ಟ ಎನ್ನುವವರು ರೆಂಬೆಗಳನ್ನು ಸಂಜೆ ಒಂದು ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಬಿಚ್ಚಿ ಕೊಡವಿದಾಗ ಎಲೆಗಳಲ್ಲಿ ಹೆಚ್ಚಿನವು ತಾವಾಗಿಯೇ ಉದುರುತ್ತವೆ. ಪುಡಿ ಮಾಡಿಟ್ಟುಕೊಳ್ಳುವವರು ನೆರಳಿನಲ್ಲಿ ಒಣಗಿಸಬೇಕು, ನೇರ ಬಿಸಿಲು ಕ್ಯಾರೋಟೀನನ್ನು ಹಾಳುಮಾಡುತ್ತದೆ.

ಮಕ್ಕಳಿಗೆ ಕೊಡಬಹುದೇ?

ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ. ಒಂದು ವರ್ಷದೊಳಗಿನ ಮಗುವಿಗೆ ಸೋಯಾ ಪಾನೀಯವನ್ನು ತಾಯಿಹಾಲಿನ ಬದಲಿಗೆ ಎಂದೂ ಕೊಡಬಾರದು; ವೈದ್ಯರು ಕೆಲವು ಸಂದರ್ಭಗಳಲ್ಲಿ ಬರೆದುಕೊಡುವ ಶಿಶುಗಳ ಸೋಯಾ ಫಾರ್ಮುಲಾ ಬೇರೆಯೇ ವಸ್ತು. ಆರು ತಿಂಗಳ ನಂತರ, ನುಣ್ಣಗೆ ಬೇಯಿಸಿ ಕಿವುಚಿದ ನುಗ್ಗೆ ಸೊಪ್ಪನ್ನು ಬೇಳೆ ಅನ್ನದ ಜೊತೆ ಸ್ವಲ್ಪ ಸ್ವಲ್ಪವಾಗಿ ಪರಿಚಯಿಸಬಹುದು. ಶಾಲೆಗೆ ಹೋಗುವ ಮಕ್ಕಳು ಹಾಲು ಒಗ್ಗದವರಾಗಿದ್ದರೆ ಕ್ಯಾಲ್ಸಿಯಂ ಸೇರಿಸಿದ, ಸಕ್ಕರೆ ಕಡಿಮೆಯಿರುವ ಸೋಯಾ ಪಾನೀಯ ಸೂಕ್ತ. ಬಾದಾಮಿ ಪಾನೀಯವನ್ನು ಬೆಳೆಯುವ ಮಗುವಿಗೆ ಹಾಲಿನ ಬದಲಿಗೆ ಕೊಡುವುದು ಬೇಡ.

ಯಾರು ಎಚ್ಚರ ವಹಿಸಬೇಕು?

ಸೋಯಾ ಅಲರ್ಜಿ ಇರುವವರು ಸೋಯಾ ಹಾಲನ್ನು ಮುಟ್ಟಬಾರದು. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ ಹಾಲನ್ನಾಗಲಿ, ಕ್ಯಾಲ್ಸಿಯಂ ಸೇರಿಸಿದ ಯಾವ ಪಾನೀಯವನ್ನಾಗಲಿ ಮಾತ್ರೆಯ ಜೊತೆ ಕುಡಿಯದೆ ನಾಲ್ಕು ಗಂಟೆ ಅಂತರ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಕಾರಣದಿಂದ, ತಿನ್ನುವ ಪ್ರಮಾಣವನ್ನು ದಿಢೀರನೆ ಹೆಚ್ಚು ಕಡಿಮೆ ಮಾಡಬಾರದು. ಮೂತ್ರಪಿಂಡದ ಕಾಯಿಲೆಯಲ್ಲಿ ಪೊಟ್ಯಾಸಿಯಂ ಮಿತಿ ಹೇಳಿಸಿಕೊಂಡವರು ಎರಡನ್ನೂ ವೈದ್ಯರನ್ನು ಕೇಳಿಯೇ ತಿನ್ನಬೇಕು. ಗರ್ಭಿಣಿಯರು ಅಡುಗೆಯಲ್ಲಿ ನುಗ್ಗೆ ಸೊಪ್ಪು ತಿನ್ನುವುದು ಬೇರೆ, ನುಗ್ಗೆಯ ಬೇರು ತೊಗಟೆಯ ಕಷಾಯ ಕುಡಿಯುವುದು ಬೇರೆ. ಎರಡನೆಯದು ಸರ್ವಥಾ ಕೂಡದು.

ಸೋಯಾ ಕುಡಿದರೆ ಗಂಡಸರ ಹಾರ್ಮೋನು ಏರುಪೇರಾಗುತ್ತದೆಯೇ?

ಸೋಯಾದಲ್ಲಿರುವ ಐಸೋಫ್ಲೇವೋನ್‌ಗಳ ರಚನೆ ಈಸ್ಟ್ರೋಜೆನ್ ಅನ್ನು ಸ್ವಲ್ಪ ಹೋಲುವುದರಿಂದ ಈ ಭಯ ಹುಟ್ಟಿಕೊಂಡಿದೆ. ಪುರುಷರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಹಾರವಾಗಿ ಸೇವಿಸುವ ಪ್ರಮಾಣದ ಸೋಯಾದಿಂದ ಟೆಸ್ಟೋಸ್ಟೀರಾನ್ ಕಡಿಮೆಯಾಗುವುದು ಕಂಡುಬಂದಿಲ್ಲ. ದಿನಕ್ಕೆ ಒಂದೆರಡು ಲೋಟಕ್ಕೆ ಹೆದರಬೇಕಾಗಿಲ್ಲ.

ಒಂದನ್ನೇ ಆರಿಸಿಕೊಳ್ಳಬೇಕಾದರೆ?

ಮನೆಯಲ್ಲಿ ಹಾಲು ಮೊಸರು ಬಳಕೆಯಲ್ಲಿದ್ದರೆ, ಬೇಳೆಕಾಳು ದಿನವೂ ತಟ್ಟೆಯಲ್ಲಿದ್ದರೆ ಸೋಯಾ ಪಾನೀಯದ ಪೊಟ್ಟಣಕ್ಕೆ ಹಣ ಹಾಕುವ ಅಗತ್ಯವಿಲ್ಲ, ವಾರಕ್ಕೆ ಎರಡು ಮೂರು ಬಾರಿ ನುಗ್ಗೆ ಸೊಪ್ಪು ತನ್ನಿ. ಹಾಲನ್ನು ಪೂರ್ತಿ ಬಿಟ್ಟಿದ್ದರೆ, ಅದರಲ್ಲೂ ವಯಸ್ಸಾದವರು ಮತ್ತು ಬೆಳೆಯುವ ಮಕ್ಕಳಿದ್ದರೆ, ಈ ಆಯ್ಕೆಯ ಪ್ರಶ್ನೆಯೇ ತಪ್ಪು. ಪೋಷಕಾಂಶ ಸೇರಿಸಿದ ಸೋಯಾ ಪಾನೀಯವೂ ಬೇಕು, ಸೊಪ್ಪೂ ಬೇಕು.

ಇವೆರಡನ್ನೂ ಎಷ್ಟು ದಿನ ಇಡಬಹುದು?

ಮನೆಯಲ್ಲಿ ಕುದಿಸಿದ ಸೋಯಾ ಹಾಲನ್ನು ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಬೇಕು. ಹುಳಿ ವಾಸನೆ ಬಂದರೆ, ಬಿಸಿ ಮಾಡುವಾಗ ಒಡೆದರೆ ಚೆಲ್ಲಬೇಕು. ಟೆಟ್ರಾ ಪ್ಯಾಕ್ ತೆರೆಯುವವರೆಗೆ ಹೊರಗೇ ಇರಬಹುದು, ತೆರೆದ ಮೇಲೆ ಫ್ರಿಜ್ಜಿಗೆ ಹೋಗಬೇಕು, ಎಷ್ಟು ದಿನ ಎಂಬುದನ್ನು ಅದರ ಮೇಲೆಯೇ ಮುದ್ರಿಸಿರುತ್ತಾರೆ. ಬಿಡಿಸಿದ ನುಗ್ಗೆ ಎಲೆಯನ್ನು ತೊಳೆಯದೆ, ಕಾಗದದಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನದವರೆಗೆ ಹಸಿರಾಗಿರುತ್ತದೆ. ಹಳದಿಯಾದ ಎಲೆಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ಬಳಸುವ ಹೊತ್ತಿಗೆ ಎರಡು ಮೂರು ನೀರಿನಲ್ಲಿ ತೊಳೆದುಕೊಳ್ಳಬೇಕು.